ಎಸ್‌ಎಸ್‌ಎಚ್ ಇದ್ದ ಮೇಲೂ ಸೀರಿಯಲ್ ಕನ್ಸೋಲ್ ಯಾಕೆ ಬೇಕು?

ಬೇರೆ ಊರಿನ ಲಿನಕ್ಸ್ ಸರ್ವರ್ ನೋಡಿಕೊಳ್ಳಲು ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗುವ ದಾರಿ) ಸಾಕಲ್ವಾ, ಸೀರಿಯಲ್ ಕನ್ಸೋಲ್ (ಸೀರಿಯಲ್ ಪೋರ್ಟ್‌ನ ಕೇಬಲ್ ಮೂಲಕ ಸರ್ವರ್ ಜೊತೆ ಅಕ್ಷರಗಳಲ್ಲಿ ಮಾತಾಡುವ ದಾರಿ) ಈಗಲೂ ಯಾರಾದರೂ ಬಳಸ್ತಾರಾ ಅಂತ ಕೇಳಿದ್ದೀರಿ. ನಾನು ಬಳಸುತ್ತೇನೆ, ಅದೂ ಒಮ್ಮೆ ಪೆಟ್ಟು ತಿಂದ ಮೇಲೆ.

ನಾನಿರುವುದು ಬಳ್ಳಾರಿ, ಸರ್ವರ್ ಇರುವುದು ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಯುಪಿಎಸ್ ಕೈಕೊಟ್ಟಿತ್ತು. ಸರ್ವರ್ ಮತ್ತೆ ಆನ್ ಆಯಿತು, ಆದರೆ ನೆಟ್‌ವರ್ಕ್‌ನಲ್ಲಿ ಕರೆದರೆ ಓಗೊಡುವ ಪಿಂಗ್ ಕೂಡ ಇಲ್ಲ. ಫೋನ್ ಮಾಡಿದರೆ ಗುಮಾಸ್ತರು, "ಲೈಟ್ ಉರಿಯಾಕತ್ತೈತ್ರಿ ಸರ, ಸ್ಕ್ರೀನ್ ಮ್ಯಾಲ ಏನೋ ಇಂಗ್ಲಿಷ್‌ನಾಗ ಬಂದೈತಿ" ಅಂದರು. ಪಾಪ, ಅಕ್ಷರ ಅಕ್ಷರ ಓದಿ ಹೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಸಿರುಗುಪ್ಪ ದಾಟಿ, ತುಂಗಭದ್ರೆ ದಾಟಿ ಹೋದೆ. ಆ ಬಿಸಿಲು ಕೇಳಬೇಡಿ.

ನೋಡಿದರೆ, ಬ್ಯಾಕಪ್ ಇಡುವ ಯುಎಸ್‌ಬಿ ಡಿಸ್ಕನ್ನು ಯಾರೋ ಕಿತ್ತಿಟ್ಟಿದ್ದರು. ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಹಾಗೇ ಇತ್ತು. ಲಿನಕ್ಸ್ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಡಿಸ್ಕ್ ಸಿಗದೆ ಎಮರ್ಜೆನ್ಸಿ ಮೋಡ್‌ಗೆ (ದುರಸ್ತಿಗೆ ಮಾತ್ರ ತೆರೆದಿರುವ ಸ್ಥಿತಿ) ಹೋಗಿ ಕೂತಿತ್ತು. ಅಷ್ಟರಲ್ಲಿ ಎಸ್‌ಎಸ್‌ಎಚ್ ಇನ್ನೂ ಶುರುವೇ ಆಗಿರುವುದಿಲ್ಲ. ಆ ಸಾಲಿಗೆ 'ನೋಫೇಲ್' (ಡಿಸ್ಕ್ ಸಿಗದಿದ್ದರೂ ಮುಂದೆ ಹೋಗು) ಸೇರಿಸಿ ರೀಬೂಟ್ ಮಾಡಿದೆ. ಎರಡು ನಿಮಿಷದ ಕೆಲಸಕ್ಕೆ ಇಡೀ ದಿನ ಹೋಯಿತು.

ಸೀರಿಯಲ್ ಕನ್ಸೋಲ್‌ಗೆ ಸರ್ವರ್‌ನ ನೆಟ್‌ವರ್ಕ್ ಬೇಕಿಲ್ಲ, ಬೂಟ್ ಮುಗಿಯಬೇಕೆಂದೂ ಇಲ್ಲ. ಲಿನಕ್ಸನ್ನು ಲೋಡ್ ಮಾಡುವ ಗ್ರಬ್‌ನ ಮೆನುವಿನಿಂದಲೇ ಕೈಗೆ ಸಿಗುತ್ತದೆ.

ನಿಮ್ಮ ಸರ್ವರ್‌ನಲ್ಲಿ ಐಪಿಎಂಐ (ಸರ್ವರ್ ಕೈಕೊಟ್ಟರೂ ದೂರದಿಂದ ನೋಡಿಕೊಳ್ಳಲು ಒಳಗೇ ಇರುವ ವ್ಯವಸ್ಥೆ) ಇದ್ದರೆ ಅದರ ಸೀರಿಯಲ್ ಓವರ್ ಲ್ಯಾನ್, ಅಂದರೆ ನೆಟ್‌ವರ್ಕ್ ಮೇಲೆಯೇ ಸಿಗುವ ಸೀರಿಯಲ್ ಕನ್ಸೋಲ್, ಸಾಕು. ಅದನ್ನು ನೇರ ಇಂಟರ್ನೆಟ್‌ಗೆ ಮಾತ್ರ ತೆರೆದಿಡಬೇಡಿ, ವಿಪಿಎನ್ ಹಿಂದೆ ಇರಲಿ. ನನ್ನದು ಅಸೆಂಬಲ್ ಮಾಡಿದ್ದು, ಅದರ ಹಿಂಭಾಗದಲ್ಲಿ 9 ಪಿನ್ನಿನ ಸೀರಿಯಲ್ ಪೋರ್ಟ್ ಇತ್ತು. ಪಕ್ಕದಲ್ಲಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಯುಎಸ್‌ಬಿ-ಸೀರಿಯಲ್ ಕೇಬಲ್ ಮತ್ತು ನಲ್ ಮೋಡೆಮ್ ಕೇಬಲ್‌ನಿಂದ (ಕಳಿಸುವ, ಪಡೆಯುವ ತಂತಿಗಳು ಅದಲುಬದಲಾಗಿರುವುದು) ಜೋಡಿಸಿದೆ. ಸಾದಾ ಕೇಬಲ್ ತಂದು ಒಂದು ಸಂಜೆ ಹಾಳು ಮಾಡಿಕೊಂಡೆ. ಪೈಗೆ ಬೇರೆಯೇ 4ಜಿ ಡಾಂಗಲ್ ಇದೆ, ಅದೇ ಹೊರಗೆ ವಿಪಿಎನ್ ಕಟ್ಟಿಕೊಳ್ಳುತ್ತದೆ. ಪೈನ ಬೋರ್ಡಿನ ಮೇಲಿರುವ ಜಿಪಿಐಒ ಪಿನ್ನುಗಳನ್ನು ನೇರ ಆ ಪೋರ್ಟ್‌ಗೆ ಹಚ್ಚಬೇಡಿ. ಅವು 3.3 ವೋಲ್ಟ್‌ನವು, ಸುಟ್ಟುಹೋಗುತ್ತವೆ.

ಸರ್ವರ್ ಕಡೆ ಕರ್ನಲ್ ಸಾಲಿನಲ್ಲಿ (ಬೂಟ್ ಆಗುವಾಗ ಲಿನಕ್ಸ್‌ಗೆ ಕೊಡುವ ಸೂಚನೆ) ಎರಡು ಕನ್ಸೋಲ್ ಬರೆಯಬೇಕು: ಮೊದಲು 'ಟಿಟಿವೈ0' (ಮಾಮೂಲಿ ಸ್ಕ್ರೀನ್), ಆಮೇಲೆ 'ಟಿಟಿವೈಎಸ್0,115200' (ಸೀರಿಯಲ್ ಪೋರ್ಟ್ ಮತ್ತು ಅದರ ವೇಗ). ಕೊನೆಯದನ್ನೇ ಸಿಸ್ಟಮ್ ಮುಖ್ಯ ಅಂತ ಹಿಡಿಯುತ್ತದೆ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಗ್ರಬ್‌ಗೂ ಸೀರಿಯಲ್ ಬೇರೆಯಾಗಿ ಹೇಳಬೇಕು. ಎರಡೂ ಕಡೆ ವೇಗ ಒಂದೇ ಇರಲಿ, ಇಲ್ಲದಿದ್ದರೆ ಬರೀ ಕಸದ ಅಕ್ಷರ ಬರುತ್ತವೆ. ರೂಟ್‌ಗೆ, ಅಂದರೆ ಎಲ್ಲ ಅಧಿಕಾರ ಇರುವ ಖಾತೆಗೆ, ಪಾಸ್‌ವರ್ಡ್ ಇಡಿ. ಆ ಖಾತೆ ಲಾಕ್ ಆಗಿದ್ದರೆ ಕೆಲವು ಲಿನಕ್ಸ್‌ಗಳಲ್ಲಿ ಎಮರ್ಜೆನ್ಸಿ ಮೋಡ್ ನಿಮ್ಮನ್ನು ಒಳಗೇ ಬಿಡುವುದಿಲ್ಲ.

ಆಮೇಲೆ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಒಮ್ಮೆ ಪರೀಕ್ಷೆ ಮಾಡಿ, ಅದೂ ನೀವು ಅಲ್ಲೇ ಇರುವಾಗ. ಕೆಲಸ ಆದ ಮೇಲೆ ಸುಮ್ನೆ ವಿಂಡೋ ಮುಚ್ಚಬೇಡಿ, 'ಎಕ್ಸಿಟ್' ಹೊಡೆದೇ ಬನ್ನಿ. ಲೈನ್ ಬಿಟ್ಟರೂ ಲಾಗಿನ್ ಹಾಗೇ ಉಳಿದಿರುತ್ತದೆ, ಮುಂದೆ ಪೈಗೆ ಬಂದವರಿಗೆ ರೂಟ್ ಸಿಕ್ಕಂತೆಯೇ.