ಲಿಂಕನ್ ಭಾಷಣ ಬಾಯಿಪಾಠ ಮಾಡುವ ಮುಂಚೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಆಗಸ್ಟ್ ಹದಿನೈದರ ಭಾಷಣ ಸ್ಪರ್ಧೆ, ಅದರ ಬೆನ್ನಿಗೇ ಪ್ರತಿಭಾ ಕಾರಂಜಿ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಭಾಷಣದ ವಿಷಯವೇ ಜಾಸ್ತಿ. ಅದರಲ್ಲೂ ಅಮೆರಿಕದ ದೊಡ್ಡ ಭಾಷಣಕಾರರ ಬಗ್ಗೆ ಇಷ್ಟು ಜನಕ್ಕೆ ಕುತೂಹಲ ಇದೆ ಅಂತ ಗೊತ್ತಿರಲಿಲ್ಲ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇರಲಿ. ರಾಗಿ ಬೆಳೆಯ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಪ್ರತಿ ವರ್ಷ ಲಿಂಕನ್ನರ ಗೆಟಿಸ್ಬರ್ಗ್ ಭಾಷಣ ಬಾಯಿಪಾಠ ಮಾಡಿ ಹೇಳುತ್ತಾರೆ. ಅದನ್ನು ಅವರು ರೈಲಿನಲ್ಲಿ ಕೂತು ಹಳೇ ಲಕೋಟೆಯ ಹಿಂದೆ ಗೀಚಿದ್ದು ಅನ್ನುವ ಕಥೆ ನಿಜವೇ? (ಶಿಕ್ಷಕಿ, ಆಲೂರು)

ಉತ್ತರ: ಇಲ್ಲ ಮೇಡಂ, ಕಟ್ಟುಕಥೆ. ಅವರ ಕೈಬರಹದ ಮೊದಲ ಪ್ರತಿಯ ಮೊದಲ ಹಾಳೆ ಅಧ್ಯಕ್ಷರ ನಿವಾಸದ ಲೆಟರ್‌ಹೆಡ್ಡಿನದು, ಅಂದರೆ ವಾಷಿಂಗ್ಟನ್ನಿನಲ್ಲಿ ಇದ್ದಾಗಲೇ ಬರೆಯಲು ಶುರು ಮಾಡಿದ್ದರು. ಅವರ ಕೈಯಲ್ಲೇ ಬರೆದ ಐದು ಪ್ರತಿಗಳು ಇವತ್ತಿಗೂ ಉಳಿದಿವೆ. ಐದರಲ್ಲೂ ಅಲ್ಲಲ್ಲಿ ವ್ಯತ್ಯಾಸ ಇದೆ. ಸುಮ್ನೆ ಕೂತಲ್ಲೇ ಹೊಳೆದದ್ದಲ್ಲ, ತಿದ್ದಿ ತೀಡಿದ ಮಾತು.

ನಿಮ್ಮ ಮಕ್ಕಳಿಗೆ ಹೇಳಬೇಕಾದ ಕಥೆ ಬೇರೆ ಇದೆ. ಅಮೆರಿಕದ ಅಂತರ್ಯುದ್ಧದ ಕಾಲ, 1863ರ ಜುಲೈ ಮೊದಲ ವಾರ ಗೆಟಿಸ್ಬರ್ಗಿನಲ್ಲಿ ಮೂರು ದಿನ ಘೋರ ಯುದ್ಧ ಆಯಿತು. ಸತ್ತ ಸೈನಿಕರಿಗೆ ಒಂದು ಸ್ಮಶಾನ ಮಾಡಿ, ನವೆಂಬರ್ 19ಕ್ಕೆ ಸಮಾರಂಭ ಇಟ್ಟುಕೊಂಡರು. ಅವತ್ತಿನ ಮುಖ್ಯ ಭಾಷಣಕಾರ ಲಿಂಕನ್ ಅಲ್ಲವೇ ಅಲ್ಲ! ಎಡ್ವರ್ಡ್ ಎವರೆಟ್ ಅಂತ, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು, ಆ ಕಾಲದಲ್ಲಿ ಅವರ ಭಾಷಣ ಅಂದರೆ ಜನ ಮುಗಿಬೀಳುತ್ತಿದ್ದರು. ಅವರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಲಿಂಕನ್ 270 ಪದಗಳ ಆಸುಪಾಸಿನಲ್ಲಿ, ಎರಡೇ ನಿಮಿಷದಲ್ಲಿ ಮುಗಿಸಿ ಕೂತರು. ಮಾರನೇ ದಿನ ಎವರೆಟ್ ಅವರೇ ಲಿಂಕನ್ನರಿಗೆ ಪತ್ರ ಬರೆದು, ನೀವು ಎರಡು ನಿಮಿಷದಲ್ಲಿ ವಿಷಯದ ತಿರುಳಿಗೆ ಹೋದ ಹಾಗೆ ನಾನು ಎರಡು ಗಂಟೆಯಲ್ಲೂ ಹೋಗಿದ್ದರೆ ಸಂತೋಷಪಡುತ್ತಿದ್ದೆ ಎಂಬ ಅರ್ಥದ ಮಾತು ಹೇಳಿದರು. ನನಗೆ ಇದರಲ್ಲಿ ಲಿಂಕನ್ನರಿಗಿಂತ ಎವರೆಟ್ ದೊಡ್ಡವರಾಗಿ ಕಾಣುತ್ತಾರೆ. ನಮ್ಮ ಸಭೆಗಳಲ್ಲಿ ಎರಡು ಗಂಟೆ ಮಾತಾಡಿದವರು ಯಾರಾದರೂ ಹೀಗೆ ಪತ್ರ ಬರೆದದ್ದು ಕೇಳಿದ್ದೀರಾ?

ಎಲ್ಲರೂ ಮೆಚ್ಚಿದರು ಅಂತಲೂ ತಿಳಿಯಬೇಡಿ. ಹತ್ತಿರದ ಹ್ಯಾರಿಸ್ಬರ್ಗ್ ಊರಿನ ಪತ್ರಿಕೆಯೊಂದು ಆ ಭಾಷಣವನ್ನು ಪೆದ್ದು ಮಾತು ಅಂತ ತಳ್ಳಿಹಾಕಿತ್ತು. ಆ ಪತ್ರಿಕೆಯ ವಾರಸುದಾರರು 2013ರಲ್ಲಿ, ನೂರೈವತ್ತು ವರ್ಷ ಆದಮೇಲೆ, ನಮ್ಮ ಹಿರಿಯರು ತಪ್ಪು ಬರೆದಿದ್ದರು ಅಂತ ತಿದ್ದುಪಡಿ ಹಾಕಿದರು.

ಪ್ರಶ್ನೆ: ‘ಸ್ವಾತಂತ್ರ್ಯ ಕೊಡಿ, ಇಲ್ಲವೇ ಸಾವು ಕೊಡಿ’ ಅಂದ ಪ್ಯಾಟ್ರಿಕ್ ಹೆನ್ರಿಯ ಪೂರ್ತಿ ಭಾಷಣ ಕಾಲೇಜಿನಲ್ಲಿ ಪಾಠವಾಗಿತ್ತು. ಆಗ ಅದನ್ನು ಯಾರು ಬರೆದಿಟ್ಟುಕೊಂಡರು? (ನಿವೃತ್ತ ಅಧ್ಯಾಪಕರು, ಸಕಲೇಶಪುರ)

ಉತ್ತರ: ಯಾರೂ ಬರೆದಿಟ್ಟುಕೊಳ್ಳಲಿಲ್ಲ ಸರ್. ಹೆನ್ರಿ ಬ್ರಿಟಿಷರ ವಿರುದ್ಧ ಮಾತಾಡಿದ್ದು 1775ರ ಮಾರ್ಚ್ 23ರಂದು, ವರ್ಜೀನಿಯಾದ ರಿಚ್ಮಂಡಿನ ಒಂದು ಚರ್ಚಿನಲ್ಲಿ. ಕೈಯಲ್ಲಿ ಬರಹ ಇರಲಿಲ್ಲ. ಇವತ್ತು ನಾವು ಓದುವ ಪಠ್ಯ ಮೊದಲು ಅಚ್ಚಾದದ್ದು 1817ರಲ್ಲಿ, ವಿಲಿಯಂ ವರ್ಟ್ ಬರೆದ ಜೀವನಚರಿತ್ರೆಯಲ್ಲಿ. ಅಷ್ಟು ಹೊತ್ತಿಗೆ ಹೆನ್ರಿ ತೀರಿಹೋಗಿ ಹದಿನೆಂಟು ವರ್ಷ. ಅವತ್ತು ಕೇಳಿಸಿಕೊಂಡಿದ್ದ ಮುದುಕರ ನೆನಪಿನಿಂದ ವರ್ಟ್ ಅದನ್ನು ಕಟ್ಟಿದರು. ಹೆನ್ರಿ ಆಡಿದ್ದೆಷ್ಟು, ವರ್ಟ್ ಸೇರಿಸಿದ್ದೆಷ್ಟು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಭಾಷಣ ಕೇಳಿ ಜನ ಬೆಚ್ಚಿಬಿದ್ದದ್ದಂತೂ ನಿಜ.

ಪ್ರಶ್ನೆ: ಮೈಕ್ ಇಲ್ಲದ ಕಾಲದಲ್ಲಿ ಸಾವಿರಾರು ಜನಕ್ಕೆ ಹೇಗೆ ಕೇಳಿಸುತ್ತಿತ್ತು? ನಮ್ಮ ಮದುವೆ ಮಂಟಪದಲ್ಲಿ ಮೈಕ್ ಇದ್ದೂ ಮೂರನೇ ಸಾಲಿಗೆ ಕೇಳಿಸುವುದಿಲ್ಲ. (ಕಡೂರು)

ಉತ್ತರ: ಮಂಟಪದಲ್ಲಿ ಕೇಳಿಸದೇ ಇರುವುದಕ್ಕೆ ಕಾರಣ ಮೈಕ್ ಅಲ್ಲ, ಊಟದ ಪಂಕ್ತಿ!

ಇದೇ ಅನುಮಾನ ಬೆಂಜಮಿನ್ ಫ್ರಾಂಕ್ಲಿನ್ನರಿಗೂ ಬಂದಿತ್ತು. ಜಾರ್ಜ್ ವಿಟ್‌ಫೀಲ್ಡ್ ಎಂಬ ಇಂಗ್ಲಿಷ್ ಪಾದ್ರಿ ಫಿಲಡೆಲ್ಫಿಯಾದ ಬೀದಿಯಲ್ಲಿ ನಿಂತು ಉಪದೇಶ ಮಾಡುತ್ತಿದ್ದರೆ, ಫ್ರಾಂಕ್ಲಿನ್ ಜನರ ಹಿಂದಿನಿಂದ ನದಿಯ ಕಡೆಗೆ ಹಿಂದೆ ಹಿಂದೆ ನಡೆಯುತ್ತಾ ಹೋದರು, ಎಲ್ಲಿಯವರೆಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ ನೋಡೋಣ ಅಂತ. ಅಷ್ಟು ದೂರವನ್ನು ಅರ್ಧವೃತ್ತ ಅಂತ ಇಟ್ಟುಕೊಂಡು, ಒಬ್ಬೊಬ್ಬರಿಗೆ ಎರಡು ಚದರಡಿ ಜಾಗ ಕೊಟ್ಟು ಲೆಕ್ಕ ಹಾಕಿದರೆ 30 ಸಾವಿರಕ್ಕೂ ಹೆಚ್ಚು ಜನಕ್ಕೆ ಕೇಳಿಸಬಹುದು ಅಂತ ಬಂತು. ಹಳೇ ಕಾಲದ ಚರಿತ್ರೆಗಳಲ್ಲಿ ಸೇನಾಪತಿಗಳು ಇಡೀ ಸೈನ್ಯಕ್ಕೆ ಭಾಷಣ ಮಾಡುತ್ತಿದ್ದರು ಅನ್ನುವುದರ ಬಗ್ಗೆ ನನಗೆ ಅನುಮಾನ ಇತ್ತು, ಈಗ ನಂಬುತ್ತೇನೆ ಅಂತ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಗಂಟಲಿಗಿಂತ ದೊಡ್ಡ ಗುಟ್ಟು ಏನು ಅಂದರೆ, ಜನ ಕೇಳಲು ತಯಾರಾಗಿ ಬರುತ್ತಿದ್ದರು. 1858ರಲ್ಲಿ ಇಲಿನಾಯ್ ರಾಜ್ಯದಿಂದ ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ) ಸ್ಥಾನಕ್ಕೆ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಏಳು ಊರುಗಳಲ್ಲಿ ಎದುರುಬದುರು ನಿಂತು ವಾದ ಮಾಡಿದರು. ಲೆಕ್ಕ ಹೀಗೆ: ಮೊದಲನೆಯವರಿಗೆ ಒಂದು ಗಂಟೆ, ಎರಡನೆಯವರಿಗೆ ಒಂದೂವರೆ ಗಂಟೆ, ಮತ್ತೆ ಮೊದಲನೆಯವರಿಗೆ ಅರ್ಧ ಗಂಟೆ. ಒಟ್ಟು ಮೂರು ಗಂಟೆ, ಬಯಲಿನಲ್ಲಿ, ನಿಂತುಕೊಂಡು! ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬಬೇಕೋ ಬೇಡವೋ ಅನ್ನುವುದೇ ಮುಖ್ಯ ವಿಷಯ. ಲಿಂಕನ್ನರದು ಗಂಭೀರವಾದ ಗಡುಸು ದನಿ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ಕೇಳಿದವರು ಬರೆದಿಟ್ಟದ್ದು ಬೇರೆ: ತೆಳುವಾದ, ಕೀರಲು ದನಿ. ಆದರೆ ಅಂಥ ದನಿಯೇ ದೂರ ಹೋಗುತ್ತದೆ. ಆ ಸ್ಥಾನ ಅವರಿಗೆ ಸಿಗಲಿಲ್ಲ, ಡಗ್ಲಸ್ ಪಾಲಾಯಿತು. ಶೀಘ್ರಲಿಪಿಕಾರರು ಬರೆದುಕೊಂಡಿದ್ದ ಆ ವಾದಗಳು ಪುಸ್ತಕವಾಗಿ ಬಂದು ಲಿಂಕನ್ನರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು, ಎರಡೇ ವರ್ಷಕ್ಕೆ ಅಧ್ಯಕ್ಷರಾಗಿ ಗೆದ್ದರು.

ಚುನಾವಣೆಯಲ್ಲಿ ಗಂಟಲು ಯಾವಾಗಲೂ ಗೆಲ್ಲುವುದಿಲ್ಲ. 1896ರಲ್ಲಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಬರೀ 36 ವರ್ಷದವರು, ಷಿಕಾಗೋದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಚಿನ್ನದ ನಾಣ್ಯ ಪದ್ಧತಿಯ ವಿರುದ್ಧ, ಸಾಲದಲ್ಲಿ ಬಿದ್ದ ರೈತರ ಪರ ಮಾತಾಡಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೇ ಆಗಿಬಿಟ್ಟರು. ಆಮೇಲೆ ರೈಲಿನಲ್ಲಿ ಸುಮಾರು 18 ಸಾವಿರ ಮೈಲಿ ಸುತ್ತಿ ಭಾಷಣ ಮಾಡಿದರು. ಎದುರಾಳಿ ಮೆಕಿನ್ಲಿ ಮನೆ ಬಿಟ್ಟು ಕದಲಲಿಲ್ಲ. ಜನರೇ ರೈಲು ಹತ್ತಿ ಅವರ ಮನೆಯ ಜಗುಲಿಗೆ ಬಂದರು. ಗೆದ್ದದ್ದು ಮೆಕಿನ್ಲಿ! 1978ರ ಚಿಕ್ಕಮಗಳೂರು ಉಪಚುನಾವಣೆ ಕಂಡ ಹಿರಿಯರಿಗೆ, ಕೂತಲ್ಲೇ ಕೂತು ಚುನಾವಣೆ ಗೆದ್ದರು ಅಂದರೆ ನಗು ಬರಬಹುದು.

1919ರಲ್ಲಿ ಅಧ್ಯಕ್ಷ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಸುಮಾರು 50 ಸಾವಿರ ಜನಕ್ಕೆ ಧ್ವನಿವರ್ಧಕದಲ್ಲಿ ಮಾತಾಡಿದರು. ಅಲ್ಲಿಂದ ಮುಂದೆ ಕೂಗುವ ಅಗತ್ಯ ಹೋಯಿತು. ರೇಡಿಯೋ ಬಂದಮೇಲಂತೂ ಮಾತಿನ ರೀತಿಯೇ ಬದಲಾಯಿತು. 1933ರ ಮಾರ್ಚ್‌ನಲ್ಲಿ ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದಾಗ, 12ನೇ ತಾರೀಖು ಭಾನುವಾರ ರಾತ್ರಿ ಅಧ್ಯಕ್ಷ ರೂಸ್ವೆಲ್ಟ್ ರೇಡಿಯೋದಲ್ಲಿ ಕೂತು, ನೀವು ಇಟ್ಟ ದುಡ್ಡನ್ನು ಬ್ಯಾಂಕಿನವರು ಏನು ಮಾಡುತ್ತಾರೆ ಅನ್ನುವುದರಿಂದ ಹಿಡಿದು ನಿಧಾನಕ್ಕೆ ವಿವರಿಸಿದರು. ಗುಡುಗಿಲ್ಲ, ಕೈ ಬೀಸುವುದಿಲ್ಲ. ಬ್ಯಾಂಕು ತೆರೆದಾಗ ಜನ ದುಡ್ಡು ತೆಗೆಯುವ ಬದಲು ವಾಪಸ್ ಕಟ್ಟಲು ಸಾಲು ನಿಂತರು. ನನ್ನ ಮಟ್ಟಿಗೆ ಅಮೆರಿಕದ ಅತ್ಯಂತ ಉಪಯೋಗಕ್ಕೆ ಬಂದ ಭಾಷಣ ಇದು. ಸ್ಪರ್ಧೆಯಲ್ಲಿ ಹೇಳಿದರೆ ಬಹುಮಾನ ಬರುವುದಿಲ್ಲ, ಅದು ಬೇರೆ ಮಾತು.

ಪ್ರಶ್ನೆ: ಟಿಕೆಟ್ ಕೊಟ್ಟು ಭಾಷಣ ಕೇಳುತ್ತಿದ್ದರಂತೆ, ಹೌದೇ? (ಬೇಲೂರು)

ಉತ್ತರ: ಹೌದು. 1826ರಲ್ಲಿ ಜೋಸೈಯಾ ಹಾಲ್‌ಬ್ರೂಕ್ ಎಂಬವರು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಊರಿನಲ್ಲಿ ಲೈಸಿಯಂ ಎಂಬ ಉಪನ್ಯಾಸ ಸಂಘ ಶುರು ಮಾಡಿದರು. ಅದು ಊರೂರಿಗೆ ಹಬ್ಬಿತು. ಎಮರ್ಸನ್ ಅಂಥ ಲೇಖಕರು ಚಳಿಗಾಲದಲ್ಲಿ ಊರು ಸುತ್ತಿ ಉಪನ್ಯಾಸ ಕೊಟ್ಟೇ ಸಂಸಾರ ನಡೆಸಿದರು. ಆಮೇಲೆ ಉಪನ್ಯಾಸ ಏರ್ಪಡಿಸುವ ಏಜೆಂಟರು ಬಂದರು, ಷೌಟಾಕ್ವ ಎಂಬ ಉಪನ್ಯಾಸದ ಡೇರೆಗಳು ಬಂದವು. ನಮ್ಮಲ್ಲಿ ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದ ಹಾಗೇ ಅವು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದವು. ರಸೆಲ್ ಕಾನ್ವೆಲ್ ಎಂಬ ಪಾದ್ರಿ ಒಂದೇ ಉಪನ್ಯಾಸವನ್ನು 6 ಸಾವಿರಕ್ಕೂ ಹೆಚ್ಚು ಸಲ ಕೊಟ್ಟರು!

ನಮಗೆ ಹತ್ತಿರದ ಸಂಗತಿ ಇಲ್ಲೇ ಇದೆ. 1893ರ ಸೆಪ್ಟೆಂಬರ್ 11ರ ಷಿಕಾಗೋ ಭಾಷಣ ಎಲ್ಲರಿಗೂ ಗೊತ್ತು. ಅದಾದಮೇಲೆ ವಿವೇಕಾನಂದರು ಏನು ಮಾಡಿದರು ಅಂತ ನಮ್ಮ ಶಾಲೆಗಳಲ್ಲಿ ಹೇಳುವುದು ಕಡಿಮೆ. ಇದೇ ಉಪನ್ಯಾಸದ ಏಜೆನ್ಸಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಅಮೆರಿಕದ ಊರೂರು ತಿರುಗಿದರು. ಆ ವ್ಯವಹಾರ ಹಿಡಿಸದೆ ಮುಂದಿನ ವರ್ಷವೇ ಬಿಟ್ಟು ಹೊರಬಂದರು. ಅವರಿಗೆ ಅಷ್ಟು ಜನ ಸಿಕ್ಕಿದ್ದರಲ್ಲಿ, ಎಪ್ಪತ್ತು ವರ್ಷದಿಂದ ಉಪನ್ಯಾಸ ಕೇಳಿ ರೂಢಿಯಾಗಿದ್ದ ಆ ದೇಶದ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಪ್ರಶ್ನೆ: ಎಲ್ಲ ಗಂಡಸರ ಹೆಸರೇ. ಹೆಂಗಸರು ಮಾತಾಡಲಿಲ್ಲವೇ? (ಪದವಿ ವಿದ್ಯಾರ್ಥಿನಿ, ಮೂಡಿಗೆರೆ)

ಉತ್ತರ: ಮಾತಾಡಿದರು ಕಣಮ್ಮ, ಕಲ್ಲೇಟು ತಿಂದು ಮಾತಾಡಿದರು. ಗಂಡಸರೂ ಕೂತ ಸಭೆಯಲ್ಲಿ ಹೆಣ್ಣು ವೇದಿಕೆ ಹತ್ತುವುದೇ ಆಗ ನಾಚಿಕೆಗೇಡು. ದಕ್ಷಿಣ ಕೆರೊಲಿನಾದ ಗುಲಾಮರ ಒಡೆಯರ ಮನೆಯಲ್ಲಿ ಹುಟ್ಟಿದ ಆಂಜಲೀನಾ ಗ್ರಿಮ್ಕೆ ಗುಲಾಮಗಿರಿಯ ವಿರುದ್ಧವೇ ತಿರುಗಿಬಿದ್ದರು. 1838ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ಶಾಸಕರ ಸಮಿತಿ ಮುಂದೆ ಮಾತಾಡಿದರು. ಅದೇ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಹೊಚ್ಚ ಹೊಸ ಸಭಾಂಗಣದಲ್ಲಿ ಮಾತಾಡುತ್ತಿದ್ದರೆ ಹೊರಗಿನಿಂದ ಕಿಟಕಿಗಳಿಗೆ ಕಲ್ಲು ಬೀಳುತ್ತಿತ್ತು. ಅವರು ನಿಲ್ಲಿಸಲಿಲ್ಲ, ಸುಮಾರು ಒಂದು ಗಂಟೆ ಮಾತಾಡಿದರು. ಮಾರನೇ ರಾತ್ರಿ ಪುಂಡರು ಆ ಕಟ್ಟಡಕ್ಕೇ ಬೆಂಕಿ ಹಚ್ಚಿದರು. ಕಟ್ಟಡ ಉದ್ಘಾಟನೆಯಾಗಿ ನಾಲ್ಕು ದಿನವೂ ಆಗಿರಲಿಲ್ಲ.

ಗುಲಾಮಳಾಗಿ ಹುಟ್ಟಿದ ಸೊಜರ್ನರ್ ಟ್ರೂತ್ ಹೆಸರು ನೀವು ಕೇಳಿರಬಹುದು. ‘ನಾನೂ ಹೆಣ್ಣಲ್ಲವೇ’ ಅಂತ ಅವರು 1851ರಲ್ಲಿ ಓಹಾಯೋದಲ್ಲಿ ಮಾಡಿದ ಭಾಷಣ. ಅದೇ ವರ್ಷ ಪತ್ರಿಕೆಯಲ್ಲಿ ಬಂದ ವರದಿಯಲ್ಲಿ ಆ ಸಾಲೇ ಇಲ್ಲ. ಹನ್ನೆರಡು ವರ್ಷ ಆದಮೇಲೆ ಇನ್ನೊಬ್ಬರು ಬರೆದದ್ದರಲ್ಲಿ ಅದು ಬಂತು, ಅದೂ ದಕ್ಷಿಣದ ಗುಲಾಮರ ಇಂಗ್ಲಿಷಿನಲ್ಲಿ. ಟ್ರೂತ್ ನ್ಯೂಯಾರ್ಕಿನವರು, ಚಿಕ್ಕಂದಿನಲ್ಲಿ ಆಡಿದ್ದು ಡಚ್ ಭಾಷೆ. ಹಳೇ ವರದಿಯನ್ನೇ ಹುಡುಕಿ ಓದಿ. ತಾನೂ ಗಂಡಸರಷ್ಟೇ ಉತ್ತು, ಕೊಯ್ದು, ಸೌದೆ ಒಡೆದಿದ್ದೇನೆ ಅಂತ ಅದರಲ್ಲೂ ಹೇಳುತ್ತಾರೆ. ಅಷ್ಟು ಸಾಕು.

ಫ್ರೆಡರಿಕ್ ಡಗ್ಲಸ್ ಅವರನ್ನೂ ಇಲ್ಲೇ ಸೇರಿಸುತ್ತೇನೆ. ಗುಲಾಮನಾಗಿದ್ದಾಗ ಬೂಟು ಪಾಲಿಶ್ ಮಾಡಿ ಕೂಡಿಸಿದ 50 ಸೆಂಟಿನಲ್ಲಿ ಒಂದು ಭಾಷಣ ಸಂಗ್ರಹ ಕೊಂಡು ಗುಟ್ಟಾಗಿ ಓದಿದವರು. ತಪ್ಪಿಸಿಕೊಂಡು ಬಂದು ವೇದಿಕೆ ಹತ್ತಿದಮೇಲೆ, ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮ ಆಗಿರಲು ಸಾಧ್ಯವೇ ಅಂತ ಜನ ಅನುಮಾನ ಪಟ್ಟರು! 1852ರ ಜುಲೈ 5ರಂದು ರಾಚೆಸ್ಟರಿನಲ್ಲಿ, ಸ್ವಾತಂತ್ರ್ಯ ದಿನದ ಸಭೆಗೆ ಕರೆದವರ ಮುಂದೆಯೇ ನಿಂತು, ನಿಮ್ಮ ಈ ಹಬ್ಬ ಗುಲಾಮನಿಗೆ ಏನು ಅಂತ ಕೇಳಿದರು. ಆಗಸ್ಟ್ ಹದಿನೈದಕ್ಕೆ ಬಾಯಿಪಾಠ ಮಾಡಿಸುವ ಮೇಷ್ಟ್ರುಗಳು ಇದನ್ನೊಮ್ಮೆ ಓದಬೇಕು.

ಪ್ರಶ್ನೆ: ಬೇರೆಯವರು ಬರೆದುಕೊಟ್ಟ ಭಾಷಣ ಓದುವುದು ಮೋಸ ಅಲ್ಲವೇ? ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣವೂ ಹಾಗೇನಾ? (ತರೀಕೆರೆ)

ಉತ್ತರ: ಮೋಸ ಅಂದರೆ ಜಾರ್ಜ್ ವಾಷಿಂಗ್ಟನ್ನಿನಿಂದಲೇ ಶುರು ಮಾಡಬೇಕಾಗುತ್ತದೆ. 1796ರ ಅವರ ವಿದಾಯದ ಮಾತನ್ನು ಬಹುಪಾಲು ಬರೆದದ್ದು ಹ್ಯಾಮಿಲ್ಟನ್. ಅದನ್ನು ಭಾಷಣವಾಗಿ ಮಾಡಲೂ ಇಲ್ಲ, ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅಧ್ಯಕ್ಷ ಕೆನಡಿಗೆ ಬರೆದುಕೊಡಲು ಸೊರೆನ್ಸನ್ ಇದ್ದರು. ಕಿಂಗ್ ಅವರಿಗೂ 1963ರ ಆಗಸ್ಟ್ 28ಕ್ಕೆ ಕರಡು ತಯಾರಿಸುವಾಗ ಗೆಳೆಯರು ನೆರವಾಗಿದ್ದರು. ಆದರೆ ಸುಮಾರು ಎರಡೂವರೆ ಲಕ್ಷ ಜನರ ಮುಂದೆ ಓದುತ್ತಾ ಹೋದಾಗ, ಹತ್ತಿರ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ವಿಷಯ ಹೇಳಿ ಅಂತ ಕೂಗಿದರು. ಕಿಂಗ್ ಹಾಳೆ ಬಿಟ್ಟರು. ನಾವು ನೆನಪಿಟ್ಟುಕೊಂಡಿರುವ ‘ನನಗೊಂದು ಕನಸಿದೆ’ ಅನ್ನುವ ಭಾಗ ಆ ಹಾಳೆಯಲ್ಲಿ ಇರಲೇ ಇಲ್ಲ. ಹಾಗಂತ ಆಗ ಹೊಳೆದದ್ದೂ ಅಲ್ಲ. ಎರಡು ತಿಂಗಳ ಹಿಂದೆ ಡೆಟ್ರಾಯಿಟಿನಲ್ಲಿ, ಅದಕ್ಕೂ ಮುಂಚೆ ಬೇರೆ ಕಡೆ, ಕನಸಿನ ಮಾತು ಆಡಿ ಜನ ಎಲ್ಲಿ ತಲೆದೂಗುತ್ತಾರೆ ಅಂತ ತಿಳಿದುಕೊಂಡಿದ್ದರು.

ಪ್ರಶ್ನೆ: ಮೈಕ್ ಹಿಡಿದರೆ ಕೈ ನಡುಗುತ್ತದೆ. ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಲೇ? (ಬ್ಯಾಂಕ್ ನೌಕರರು, ಚನ್ನರಾಯಪಟ್ಟಣ)

ಉತ್ತರ: ಸೇರಿ. ಅದು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ್ದು, ಜನ ಸಭೆಯಲ್ಲಿ ಮಾತಾಡಿ ರೂಢಿ ಮಾಡಿಕೊಳ್ಳಲಿ ಅಂತಲೇ. ಅಧ್ಯಕ್ಷ ಜೆಫರ್ಸನ್ನರಿಗೂ ಸಭೆಯಲ್ಲಿ ಮಾತಾಡುವುದು ಬರುತ್ತಿರಲಿಲ್ಲ. ಸಂಸತ್ತಿಗೆ ಹೋಗಿ ವಾರ್ಷಿಕ ಸಂದೇಶ ಹೇಳುವ ಬದಲು ಅದನ್ನು ಬರೆದು ಕಳಿಸಿದರು, ಮುಂದೆ 1913ರವರೆಗೂ ಬಂದ ಅಧ್ಯಕ್ಷರೆಲ್ಲ ಹಾಗೇ ಮಾಡಿದರು. ನಿಮ್ಮ ಮ್ಯಾನೇಜರ್ ಒಪ್ಪಿದರೆ ಅದೂ ಒಂದು ದಾರಿ.

ಪ್ರಶ್ನೆ: ಅಮೆರಿಕದಲ್ಲಿ ಅತಿ ಉದ್ದದ ಭಾಷಣ ಯಾರದು? (ಅರಸೀಕೆರೆ)

ಉತ್ತರ: ಸೆನೆಟ್ಟಿನ ಲೆಕ್ಕ ಹೇಳುತ್ತೇನೆ. ಅಲ್ಲಿ ಒಮ್ಮೆ ಎದ್ದು ನಿಂತವರನ್ನು ಸುಲಭಕ್ಕೆ ಕೂರಿಸಲು ಆಗುವುದಿಲ್ಲ, ಮಾತಾಡುತ್ತಲೇ ಇದ್ದರೆ ಕಲಾಪ ನಿಂತುಹೋಗುತ್ತದೆ. ಕರಿಯರಿಗೆ ಮತದಾನದ ಹಕ್ಕು ಕಾಪಾಡುವ ಮಸೂದೆ ತಡೆಯಬೇಕು ಅಂತ 1957ರಲ್ಲಿ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದರು. ಮಸೂದೆ ಆದರೂ ಪಾಸಾಯಿತು. ಆ ದಾಖಲೆ 2025ರ ಏಪ್ರಿಲ್ 1ರವರೆಗೆ ಉಳಿದಿತ್ತು. ಮುರಿದವರು ಕರಿಯ ಸೆನೆಟರ್ ಕೋರಿ ಬುಕರ್, 25 ಗಂಟೆ 5 ನಿಮಿಷ.