ತೋಟದ ಹಾದಿಯ ಚಪ್ಪಡಿ ಕಲ್ಲು ಕುಸಿದಿದೆ. ಎತ್ತಿ ಕೆಳಗೆ ಮರಳು ಸುರಿದರೆ ಸಾಕೇ?

ಸಾಲದು. ಬರೀ ಮರಳು ಸುರಿದರೆ ಮುಂದಿನ ಮಳೆಗಾಲಕ್ಕೆ ಕಲ್ಲು ಮತ್ತೆ ಕುಸಿಯಬಹುದು. ಕುಸಿತಕ್ಕೆ ಕಾರಣ ಸಾಮಾನ್ಯವಾಗಿ ಕಲ್ಲಲ್ಲ, ನೀರು. ಸಂದಿಯಲ್ಲಿ ಇಳಿಯುವ ನೀರು ಅಡಿಯ ನುಣ್ಣನೆ ಮಣ್ಣನ್ನು ಕೊಚ್ಚಿಕೊಂಡು ಹೋಗಿ ಪೊಳ್ಳು ಬಿಡುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಸೂರಿನ ಪೈಪು ಅಲ್ಲೇ ಸುರಿಯುತ್ತಿದೆಯೇ, ನಲ್ಲಿ ಸೋರುತ್ತಿದೆಯೇ ಎಂದು.

ಹಾರೆಯಿಂದ ಮೀಟುವಾಗ ಪಕ್ಕದ ಕಲ್ಲಿನ ಅಂಚಿಗೆ ಮರದ ತುಂಡು ಕೊಡಿ. ಶಹಾಬಾದ್ ಕಲ್ಲಿನ ಅಂಚು ಬೇಗ ಚಕ್ಕೆ ಏಳುತ್ತದೆ. ಸಡಿಲ ಮಣ್ಣು, ಬೇರು ತೆಗೆದು, ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ. ಜಲ್ಲಿಪುಡಿ ಬೆರೆತ 20 ಮಿ.ಮೀ. ಜಲ್ಲಿಯನ್ನು ತುಸು ಒದ್ದೆ ಮಾಡಿ ತುಂಬಿ, ಒಂದು ಸಲಕ್ಕೆ 7–8 ಸೆಂ.ಮೀ.ಗಿಂತ ದಪ್ಪ ಬೇಡ, ಪ್ರತಿ ಪದರಕ್ಕೂ ದಮ್ಮಸು ಹಾಕಿ, ಅಂದರೆ ಬಡಿದು ಗಟ್ಟಿ ಮಾಡಿ.

ಅದರ ಮೇಲೆ 1 ಪಾಲು ಸಿಮೆಂಟ್, 6 ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಕಲಸಿ 3–4 ಸೆಂ.ಮೀ. ಹಾಸಿ. ಹದ ಮುಖ್ಯ: ಹಿಡಿದರೆ ಉಂಡೆಯಾಗಬೇಕು, ಕೈಗೆ ನೀರು ಜಿನುಗಬಾರದು. ಮೂಲೆಗೊಂದು ನಡುವೊಂದು ಗಾರೆ ಮುದ್ದೆ ಇಟ್ಟು ಕಲ್ಲು ಕೂರಿಸುವುದು ಕೆಟ್ಟ ಅಭ್ಯಾಸ. ನಡುವಿನ ಪೊಳ್ಳಿನಲ್ಲಿ ನೀರು ನಿಂತು, ಭಾರ ಬಿದ್ದಾಗ ಕಲ್ಲು ಸೀಳುತ್ತದೆ. ಪೂರ್ತಿ ಹಾಸಿನ ಮೇಲೇ ಕೂರಿಸಿ.

ಪಕ್ಕದ ಕಲ್ಲಿಗಿಂತ 5 ಮಿ.ಮೀ. ಎತ್ತರಕ್ಕಿಟ್ಟು, ರಬ್ಬರ್ ಸುತ್ತಿಗೆಯಿಂದ ತಟ್ಟಿ ಇಳಿಸಿ. ರಸಮಟ್ಟ ಹಿಡಿದು ನೋಡಿ, ಮೀಟರಿಗೆ ಒಂದೂವರೆ ಸೆಂ.ಮೀ. ಇಳಿಜಾರು ಗೋಡೆಯಿಂದ ಆಚೆಗಿರಲಿ. ಒಂದೆರಡು ದಿನ ತುಳಿಯದೆ ಬಿಟ್ಟು, ಆಮೇಲೆ ಸಂದಿಗೆ 1 ಪಾಲು ಸಿಮೆಂಟ್, 4 ಪಾಲು ಮರಳಿನ ಗಾರೆ ತುಂಬಿ.