ಕಡಲ ತಳದ ಹುಳುಗಳು ಮತ್ತೆ ಬರಲು ಎಷ್ಟು ವರ್ಷ ಬೇಕು?

ಪ್ರಶ್ನೆ: ಮಕ್ಕಳನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ದಿದ್ದೆ. ಮಳೆಗಾಲದ ಕೊನೆಗೆ ಅಲ್ಲಿ ಕಡಲ ತಳದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುತ್ತದೆ, ಕೆಸರಿನ ಹುಳುಗಳು ಸಾಯುತ್ತವೆ ಎಂದು ಓದಿದ್ದನ್ನು ಹೇಳಿದೆ. ‘ಆಮ್ಲಜನಕ ತಿರುಗಿ ಬಂದ್ರ ಹುಳಾನೂ ಬರ್ತಾವಲ್ರಿ ಸರ್?’ ಎಂದು ಒಬ್ಬ ಹುಡುಗಿ ಕೇಳಿದಳು. ಬರುತ್ತವೆಯೇ?
— ವಿಜ್ಞಾನ ಶಿಕ್ಷಕ, ಗದಗ

ಉತ್ತರ: ಬರುತ್ತವೆ ಮಾಸ್ತರೇ. ಆದರೆ ಮೊದಲು ಬರುವವು ಹೋದವುಗಳಲ್ಲ.

ನಿಮ್ಮ ಕಡೆ ಎರಿ ಹೊಲ ಬೀಳು ಬಿಟ್ಟರೆ ಮೊದಲು ಏಳುವುದು ಕಾಂಗ್ರೆಸ್ ಕಸ, ಅಲ್ವಾ? ಹೊಲ ಹಸಿರಾಗಿರುತ್ತದೆ, ಆದರೆ ಅದು ಬೆಳೆಯಲ್ಲ. ಕಡಲ ತಳದಲ್ಲೂ ಹಾಗೇ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದು ಅಲ್ಲೇ ನಿಂತರೆ ಬಹಳಷ್ಟು ಹುಳುಗಳು ಬಿಲ ಬಿಟ್ಟು ಮೇಲೆ ಬಂದು ಸಾಯುತ್ತವೆ. ಉಸಿರು ಮರಳಿದ ಮೇಲೆ ಕ್ಯಾಪಿಟೆಲ್ಲಾದಂಥ ಸಣ್ಣ ಹುಳುಗಳು ಮೊದಲು ನುಗ್ಗುತ್ತವೆ. ಕೆಂಪು ನೂಲಿನ ಹಾಗಿರುತ್ತವೆ, ಒಂದೆರಡು ತಿಂಗಳಲ್ಲೇ ಮೊಟ್ಟೆ ಇಡುತ್ತವೆ. ಒಂದು ಚದರ ಮೀಟರಿನಲ್ಲಿ ಸಾವಿರಗಟ್ಟಲೆ ತುಂಬಿಕೊಳ್ಳುತ್ತವೆ. ಸುಮ್ನೆ ಎಣಿಸಿದರೆ ಮೊದಲಿಗಿಂತ ಜಾಸ್ತಿಯೇ ಸಿಗಬಹುದು. ನಾವು ಮೋಸ ಹೋಗುವುದು ಇಲ್ಲೇ.

ನಾನು ಎಣಿಕೆಗಿಂತ ಕೆಸರನ್ನು ನಂಬುತ್ತೇನೆ. ತಳದಿಂದ ಎತ್ತಿದ ಕೆಸರಿನ ಮುದ್ದೆಯನ್ನು ಚಾಕುವಿನಿಂದ ಸೀಳಿ ನೋಡಿ. ಉಸಿರು ಕಟ್ಟಿದ ಜಾಗದ್ದಾದರೆ ಮೇಲಿಂದಲೇ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್, ಹುಳುಗಳಿಗೆ ವಿಷ. ಸುಧಾರಿಸಿದ ಜಾಗದ್ದಾದರೆ ಮೇಲೆ ಕಂದು ಪದರ ಇರುತ್ತದೆ. ಕೆಳಗಿನ ಕಪ್ಪಿನೊಳಗೂ ಅಲ್ಲಲ್ಲಿ ಕಂದು ಉಂಗುರಗಳು ಕಾಣುತ್ತವೆ. ಒಂದೊಂದು ಉಂಗುರವೂ ಒಂದು ಬಿಲ. ಹುಳು ಮೈ ಅಲುಗಿಸುತ್ತಾ ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ನೀರಿನ ಆಮ್ಲಜನಕ ತಾಗಿ ಬಿಲದ ಗೋಡೆಯ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಉಂಗುರ ಆಳದವರೆಗೆ ಕಂಡರೆ ನನಗೆ ತುಂಬಾ ಖುಷಿ. ಅಷ್ಟು ಆಳಕ್ಕೆ ದೊಡ್ಡ ಹುಳುಗಳೇ ಇಳಿಯಬೇಕು. ಅವು ನಿಧಾನಕ್ಕೆ ಬೆಳೆಯುತ್ತವೆ. ಕೆಲವುಗಳ ಮರಿಗಳು ದೂರ ತೇಲಿ ಹೋಗುವುದೂ ಇಲ್ಲ. ಅಕ್ಕಪಕ್ಕದಲ್ಲಿ ತಾಯಿಹುಳುಗಳೇ ಉಳಿದಿಲ್ಲದಿದ್ದರೆ ಬರುವುದೆಲ್ಲಿಂದ?

ಸ್ವೀಡನ್ನಿನ ಒಂದು ಕೊಲ್ಲಿಯಲ್ಲಿ ಕಾಗದದ ತಿರುಳಿನ ಕಾರ್ಖಾನೆಯ ಕೊಳೆ ಸೇರಿ ತಳ ಹಾಳಾಗಿತ್ತು. ಕಾರ್ಖಾನೆ 1966ರಲ್ಲಿ ಮುಚ್ಚಿತು. ಹಳೆಯ ಬಗೆಯ ಜೀವಿಗಳು ನೆಲೆಯಾಗಲು ಸುಮಾರು 8 ವರ್ಷ ಹಿಡಿಯಿತು. ಮೊದಲು ಯಾವುದು, ಆಮೇಲೆ ಯಾವುದು ಎಂಬ ಈ ಸರದಿಯನ್ನು ಕಡಲ ಜೀವವಿಜ್ಞಾನಿಗಳಾದ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ 1978ರಲ್ಲಿ ವಿವರವಾಗಿ ಬರೆದರು. ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲಿ 1990ರ ದಶಕದಲ್ಲಿ ಗೊಬ್ಬರದ ಬಳಕೆ ಇಳಿದು ನೀರು ಸುಧಾರಿಸಿತು. ತಳದ ಜೀವಿಗಳು ಅಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ.

ಕಾರವಾರದ ಕಥೆ ಬೇರೆ. ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ಪ್ರತಿ ವರ್ಷ ದಡದ ಕಡೆ ಏರಿ ಬರುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕೊರತೆ ಜೋರು, ಚಳಿಗಾಲಕ್ಕೆ ಮತ್ತೆ ಸರಿಹೋಗುತ್ತದೆ. ಇದು ಬಹಳ ಹಿಂದಿನಿಂದ ನಡೆದು ಬಂದದ್ದು. ಆದರೆ ಊರಿನ ಚರಂಡಿ ನೀರು, ಹೊಲದ ಗೊಬ್ಬರ ಸೇರಿದರೆ ಕೊರತೆ ಹೆಚ್ಚುತ್ತದೆ. ಇಂಥ ಕಡೆ 8 ವರ್ಷದ ಬಿಡುವು ಯಾವ ಹುಳುವಿಗೂ ಸಿಗುವುದಿಲ್ಲ. ಬೇಗ ಬೆಳೆಯುವ ಸಣ್ಣವಕ್ಕೇ ಅನುಕೂಲ.

ಮುಂದಿನ ಸಲ ಹೋದಾಗ ಇಳಿತದ ಹೊತ್ತು ನೋಡಿಕೊಂಡು, ಗಟ್ಟಿ ನೆಲದ ಅಂಚಿನಲ್ಲೇ ನಿಂತು, ಕಾಳಿ ನದಿ ಕಡಲು ಸೇರುವಲ್ಲಿನ ಕೆಸರಿಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಒತ್ತಿ. ಮೇಲಿನ ಬಾಯಿ ಅಂಗೈಯಿಂದ ಮುಚ್ಚಿ ಎತ್ತಿ. ಪ್ರಶ್ನೆ ಕೇಳಿದ ಹುಡುಗಿಗೇ ಮೊದಲು ತೋರಿಸಿ. ಕೆಸರನ್ನು ಹೊರಗೆ ತೆಗೆದಿಟ್ಟರೆ ಗಾಳಿ ತಾಗಿ ಕಪ್ಪೆಲ್ಲ ಕಂದಾಗುತ್ತದೆ. ಹಾಗಾಗಿ ಫೋಟೊ ಅಲ್ಲೇ ತೆಗೆಯಿರಿ.